ಮಿಕ್ಸಿಗೆ ಹಾಕ್ಬೇಡ ಅಂತ ಯಾರೂ ಹೇಳಿರ್ಲಿಲ್ಲ

ಅಪ್ಪನ ಬಾಯಲ್ಲಿ ಉಳಿದಿದ್ದ ಹಲ್ಲೆಲ್ಲ ಕೀಳಿಸಬೇಕಾಗಿ ಬಂದಾಗ ಡಾಕ್ಟ್ರು ಹೇಳಿದ್ದು ಇಷ್ಟೇ, "ಸೆಟ್ ಕೂರಿಸೋವರೆಗೂ ಮೆತ್ತಗಿರೋದನ್ನೇ ಕೊಡಿ, ತೀರಾ ಬಿಸಿ ಬೇಡ." ಸೆಟ್ ಕೂರಿಸೋದು ಅಂದ್ರೆ ಮುಂದಿನ ವಾರ ಅಂದ್ಕೊಂಡಿದ್ದೆ, ವಸಡು ಮಾಗಬೇಕು, ಆಮೇಲೆ ಅಳತೆ ತಗೋಬೇಕು, ಆಮೇಲೆ ಅದು ತಯಾರಾಗಿ ಬರ್ಬೇಕು, ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯತ್ತೆ ಅಂತ ಆಮೇಲೆ ಗೊತ್ತಾಯ್ತು. ನಮ್ಮಪ್ಪ ಹೇಗೆ ಅಂದ್ರೆ ತಟ್ಟೇಲಿ ಕರುಂ ಕುರುಂ ಅನ್ನೋದು ಏನೂ ಇಲ್ಲ ಅಂದ್ರೆ ಊಟ ಆಯ್ತು ಅಂತಲೇ ಒಪ್ಪದ ಮನುಷ್ಯ. ಮೂರು ದಿನ ಸೂಪು ಕುಡಿದ್ರು. ನಾಲ್ಕನೇ ದಿನ ಬಟ್ಟಲು ಪಕ್ಕಕ್ಕೆ ತಳ್ಳಿ "ಇದು ಊಟ ಅಲ್ಲ ಕಣೋ, ನೀರು" ಅಂದ್ರು.

ಅವತ್ತು ಸಂಜೆ ಆಲೂಗಡ್ಡೆ ಮ್ಯಾಶ್ ಮಾಡೋಣ ಅಂತ ಹೊರಟೆ. ಅದರಲ್ಲೇನು ಮಹಾ, ಬೇಯಿಸೋದು, ಕಿವುಚೋದು, ಬೆಣ್ಣೆ ಹಾಕೋದು. ಗಂಟು ಉಳಿದ್ರೆ ವಸಡಿಗೆ ಒತ್ತತ್ತೆ ಅಂತ ಅತಿ ಬುದ್ಧಿ ಓಡಿಸಿ ಬೆಂದಿದ್ದನ್ನೆಲ್ಲ ಮಿಕ್ಸಿ ಜಾರಿಗೆ ಸುರಿದು, ಹಾಲು ಹಾಕಿ, ಒಂದು ನಿಮಿಷ ಜೋರಾಗಿ ತಿರುಗಿಸ್ದೆ. ಮುಚ್ಚಳ ತೆಗೆದು ಚಮಚ ಅದ್ದಿ ಎತ್ತಿದ್ರೆ ಒಂದಡಿ ಉದ್ದ ಎಳೆ ಎಳೆಯಾಗಿ ಬಂತು, ಬಣ್ಣ ಬೂದಿ ಥರ, ಮೇಲೆ ಒಂದು ಹೊಳಪು ಬೇರೆ. ಆದ್ರೂ ಕೊಟ್ಟೆ, ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಅಪ್ಪ ಒಂದು ಚಮಚ ಬಾಯಿಗಿಟ್ಟು, ಮೇಲಿನ ವಸಡಿಗೆ ಕಚ್ಕೊಂಡಿದ್ದನ್ನ ನಾಲಿಗೇಲಿ ಬಿಡಿಸೋಕೆ ಸುಮಾರು ಹೊತ್ತು ಒದ್ದಾಡಿ, "ಸೆಟ್ ಅಂಟಿಸೋಕೆ ಇದನ್ನೇ ಉಪಯೋಗಿಸ್ತಾರಾ ಅಂತ ಡಾಕ್ಟ್ರನ್ನ ಕೇಳಿ ನೋಡು" ಅಂದ್ರು.

ಮಿಕ್ಸಿಗೆ ಹಾಕ್ಬೇಡ ಅಂತ ಯಾರೂ ಹೇಳಿರ್ಲಿಲ್ಲ, ನಾನೂ ಯಾರನ್ನೂ ಕೇಳಿರ್ಲಿಲ್ಲ. ಯಾಕೆ ಹೀಗಾಯ್ತು ಅಂತ ಹುಡುಕ್ತಾ ಕೂತಿದ್ದೇ ಬಂತು, ಅಲ್ಲಿಂದ ಶುರುವಾದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ವಿಷಯ ಏನಂದ್ರೆ, ಆಲೂಗಡ್ಡೆ ಒಳಗೆ ಪಿಷ್ಟ ಇರೋದು ಚಿಕ್ಕ ಚಿಕ್ಕ ಜೀವಕೋಶಗಳ ಒಳಗೆ ಕಾಳು ಕಾಳಾಗಿ, ಚೀಲದಲ್ಲಿ ತುಂಬಿಟ್ಟ ಹಾಗೆ. ಬೇಯೋವಾಗ ಸುಮಾರು 60 ಡಿಗ್ರಿ ದಾಟಿದ ಮೇಲೆ ಈ ಕಾಳುಗಳು ನೀರು ಕುಡಿದು ಊದ್ಕೊಂಡು ಚೀಲದ ತುಂಬ ಮೆತ್ತಗಾಗ್ತವೆ. ಇನ್ನೂ ಬಿಸಿ ಏರಿದ್ರೆ ಒಂದು ಚೀಲಕ್ಕೂ ಇನ್ನೊಂದು ಚೀಲಕ್ಕೂ ನಡುವೆ ಗಾರೆ ಥರ ಇರೋ ಪೆಕ್ಟಿನ್ ಕರಗತ್ತೆ, ಆಗ ಚೀಲಗಳು ಒಂದರಿಂದ ಒಂದು ಸಲೀಸಾಗಿ ಬಿಟ್ಕೊಳ್ತವೆ. ಒಳ್ಳೆ ಮ್ಯಾಶ್ ಅಂದ್ರೆ ಇಷ್ಟೇ, ಚೀಲಗಳು ಬಿಡಿಬಿಡಿಯಾಗ್ಬೇಕು, ಹರೀಬಾರ್ದು. ಕೈಯಲ್ಲಿ ಒತ್ತಿದ್ರೆ ಬಿಡಿಯಾಗ್ತವೆ. ಮಿಕ್ಸಿ ಬ್ಲೇಡು ಅಷ್ಟಕ್ಕೇ ನಿಲ್ಲಲ್ಲ, ಚೀಲ ಹರಿದು ಒಳಗಿರೋ ಪಿಷ್ಟವನ್ನೆಲ್ಲ ಹೊರಗೆ ಚೆಲ್ಲತ್ತೆ, ಆಮೇಲೆ ಅದು ಗೋಂದೇ. ಒಂದ್ಸಲ ಗೋಂದಾಗಿದ್ದು ತಿರುಗಿ ಮ್ಯಾಶ್ ಆಗಲ್ಲ, ಬೆಣ್ಣೆ ಹಾಕಿದ್ರೆ ಜಿಡ್ಡಿನ ಗೋಂದಾಗತ್ತೆ ಅಷ್ಟೆ. ತಟ್ಟಿ ಬಾಣಲೆ ಮೇಲೆ ಎರಡೂ ಕಡೆ ಕೆಂಪಗೆ ಸುಟ್ಟು ತಿಂದ್ಬಿಡೋದೇ ವಾಸಿ, ಅವತ್ತು ಉಳಿದಿದ್ದನ್ನ ನಾನು ಹಾಗೇ ಖಾಲಿ ಮಾಡ್ದೆ.

ಮಾರನೇ ದಿನ ಮಿಕ್ಸಿ ಮುಟ್ಟದೆ ಕೈಯಲ್ಲೇ ಮಾಡ್ದೆ. ಅಂಟಲಿಲ್ಲ, ಆದ್ರೆ ನೀರು ನೀರು. ಬಟ್ಟಲಲ್ಲಿ ಹಾಕಿ ಎರಡು ನಿಮಿಷಕ್ಕೆ ಅಂಚಲ್ಲಿ ನೀರು ಬಿಟ್ಕೊಳ್ತು. ಇದಕ್ಕೆ ಕಾರಣ ಕಂಡುಹಿಡಿಯೋಕೆ ನಂಗೆ ಇನ್ನೂ ಒಂದು ವಾರ ಬೇಕಾಯ್ತು, ಮತ್ತೆ ಈಗ ಯಾರಾದ್ರೂ ಮ್ಯಾಶ್ ಬಗ್ಗೆ ಕೇಳಿದ್ರೆ ನಾನು ಶುರು ಮಾಡೋದೇ ನೀರಿನಿಂದ. ಆಲೂಗಡ್ಡೆಯಲ್ಲಿ ಶೇಕಡಾ 80ರ ಹತ್ತಿರ ನೀರೇ ಇರೋದು. ಕ್ಯಾರೆಟ್ ಆದ್ರೆ 88ರಷ್ಟು, ಟರ್ನಿಪ್ಪು 90 ದಾಟತ್ತೆ. ಇದರ ಮೇಲೆ ನಾವು ಚಿಕ್ಕ ಚಿಕ್ಕದಾಗಿ ಹೆಚ್ಚಿ ನೀರಲ್ಲಿ ಕುದಿಸಿ ಇನ್ನಷ್ಟು ಕುಡಿಸಿ, ಅರೆಬರೆ ಬಸಿದು, ಮೇಲಿಂದ ಹಾಲು ಬೇರೆ ಹುಯ್ತೀವಿ. ನೀರು ಕೂತಿರೋ ಜಾಗದಲ್ಲಿ ಬೆಣ್ಣೆ ಎಲ್ಲಿ ಕೂರತ್ತೆ ಹೇಳಿ.

ಈಗ ನಾನು ಮಾಡೋದು ಹೀಗೆ. ಆಲೂಗಡ್ಡೆ ದೊಡ್ಡ ದೊಡ್ಡ ಹೋಳು, ಅಥವಾ ಟೈಮ್ ಇದ್ರೆ ಸಿಪ್ಪೆ ಸಮೇತ ಇಡಿಯಾಗೇ. ತಣ್ಣೀರಲ್ಲಿ ಹಾಕಿ ಉಪ್ಪು ಹಾಕಿ ಒಲೆ ಮೇಲಿಡೋದು, ಕುದಿಯೋ ನೀರಿಗೆ ಹಾಕಿದ್ರೆ ಒಳಗೆ ಬೇಯೋಷ್ಟರಲ್ಲಿ ಮೇಲೆಲ್ಲ ಕರಗಿ ಹೋಗಿರತ್ತೆ. ಕುದಿ ಬಂದ ಮೇಲೆ ಉರಿ ಇಳಿಸಿ ಸುಮ್ಮನೆ ಬೇಯೋಕೆ ಬಿಡೋದು. ಚಾಕು ಚುಚ್ಚಿ ಎತ್ತಿದ್ರೆ ಹೋಳು ತಾನಾಗೇ ಜಾರಿ ಬೀಳ್ಬೇಕು, ಅದು ಹದ. ಬಸಿದು, ಅದೇ ಪಾತ್ರೆಗೆ ವಾಪಸ್ ಹಾಕಿ, ಸಣ್ಣ ಉರಿ ಮೇಲೆ ಮುಚ್ಚಳ ಇಲ್ದೆ ಎರಡು ನಿಮಿಷ ಅಲ್ಲಾಡಿಸ್ತಾ ಇರೋದು. ಈ ಎರಡು ನಿಮಿಷದಲ್ಲಿ ನೋಡೋಕೆ ಒಂಥರಾ ಚೆನ್ನಾಗಿರತ್ತೆ, ಮೊದಲು ಹಬೆ ಜೋರಾಗಿ ಏಳತ್ತೆ, ಕನ್ನಡಕ ಮಂಜಾಗತ್ತೆ, ಹೋಳಿನ ಅಂಚೆಲ್ಲ ಒದ್ದೆ ಹೊಳಪು ಹೋಗಿ ಸೀಮೆಸುಣ್ಣ ಬಳಿದ ಹಾಗೆ ಬೆಳ್ಳಗೆ ಪುಡಿಪುಡಿ ಆಗತ್ತೆ, ಪಾತ್ರೆ ತಳದಲ್ಲಿ ತೆಳ್ಳಗೆ ಒಂದು ಬಿಳಿ ಪೊರೆ ಕಟ್ಕೊಳ್ಳೋಕೆ ಶುರುವಾಗತ್ತೆ, ಚುಂಯ್ ಅನ್ನೋ ಸದ್ದು ನಿಲ್ಲತ್ತೆ. ಸದ್ದು ನಿಂತ್ರೆ ಇಳಿಸ್ಬೇಕು. ಅಲ್ಲಿಂದ ಅರ್ಧ ನಿಮಿಷ ತಡ ಮಾಡಿದ್ರೆ ತಳ ಹಿಡಿದು ಸೀದ ವಾಸನೆ ಇಡೀ ಪಾತ್ರೆಗೆ ಏರತ್ತೆ, ಫೋನ್ ಎತ್ತೋಕೆ ಹೋಗಿ ಅದೂ ಒಂದ್ಸಲ ಆಗಿದೆ.

ಆರೋಕೆ ಬಿಡ್ದೆ ಬಿಸಿ ಇರೋವಾಗ್ಲೇ ಮಸೀಬೇಕು. ಮೊದಲು ಬೆಣ್ಣೆ, ಅದು ಪೂರ್ತಿ ಸೇರ್ಕೊಂಡ ಮೇಲೆ ಬಿಸಿ ಹಾಲು ಸ್ವಲ್ಪ ಸ್ವಲ್ಪವಾಗಿ. ಫ್ರಿಜ್‌ನಿಂದ ತೆಗೆದ ಹಾಲು ಹಾಕಿದ್ರೆ ಎಲ್ಲ ತಣ್ಣಗಾಗಿ ಬಿಗಿಯಾಗತ್ತೆ, ಆಮೇಲೆ ಬಿಸಿ ಮಾಡೋಕೆ ಹೋಗಿ ಜಾಸ್ತಿ ಕಲಸ್ತೀವಿ, ಜಾಸ್ತಿ ಕಲಸಿದ್ರೆ ಮತ್ತೆ ಅಂಟು. ನುಣ್ಣಗೆ ಬೇಕೇ ಬೇಕು ಅನ್ನೋರು ಜರಡಿ ಮೇಲೆ ಹಾಕಿ ಸೌಟಿನ ಬೆನ್ನಲ್ಲಿ ಒತ್ತಿ ಇಳಿಸ್ಬಹುದು, ಕೈ ನೋಯತ್ತೆ, ಆದ್ರೆ ಒತ್ತೋದ್ರಿಂದ ಚೀಲ ಹರಿಯಲ್ಲ.

ಜೋಯೆಲ್ ರೊಬುಷೋನ್ ಅಂತ ಫ್ರೆಂಚ್ ಬಾಣಸಿಗರೊಬ್ರು ಇದ್ರು, 2018ರಲ್ಲಿ ತೀರ್ಕೊಂಡ್ರು, 1980ರ ದಶಕದಲ್ಲಿ ಪ್ಯಾರಿಸ್‌ನ ಅವರ ಹೋಟ್ಲು ಹೆಸರು ಮಾಡಿದ್ದರಲ್ಲಿ ಆಲೂಗಡ್ಡೆ ಮ್ಯಾಶ್‌ನದ್ದೇ ದೊಡ್ಡ ಪಾಲು. ಒಂದು ಕಿಲೋ ಆಲೂಗಡ್ಡೆಗೆ 250 ಗ್ರಾಂ ಬೆಣ್ಣೆ ಅವರ ಲೆಕ್ಕ. ಎಲ್ಲರೂ ಆ ಬೆಣ್ಣೆ ಲೆಕ್ಕ ಕೇಳಿ ಬಾಯಿ ಬಿಡ್ತಾರೆ, ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಬೇರೆ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸೋದು, ಮಸೆದ ಮೇಲೆ ಬೆಣ್ಣೆ ಹಾಕೋಕೆ ಮುಂಚೆ ಒಲೆ ಮೇಲೆ ಕೈಯಾಡಿಸ್ತಾ ಒಣಗಿಸೋದು, ಕೊನೆಗೆ ಜರಡಿ. ಅಲ್ಲೂ ಅದೇ, ಮೊದಲು ನೀರನ್ನ ಹೊರಗೆ ಹಾಕೋ ಕೆಲಸ. ನಾನು ಅಷ್ಟು ಬೆಣ್ಣೆ ಒಂದೇ ಒಂದ್ಸಲ ಹಾಕಿದ್ದೆ. ರುಚಿ ಬಗ್ಗೆ ಎರಡು ಮಾತಿಲ್ಲ, ಆದ್ರೆ ನಾಲ್ಕನೇ ಚಮಚಕ್ಕೇ ಇಬ್ಬರಿಗೂ ಸಾಕಾಯ್ತು. ಈಗ ಕಿಲೋಗೆ ನೂರು ಗ್ರಾಂ ಆಸುಪಾಸು.

ಅಂದಹಾಗೆ ಆಲೂಗಡ್ಡೆ ಬೇರೇ ಅಲ್ಲ, ನೆಲದೊಳಗೆ ಊದಿಕೊಂಡಿರೋ ಕಾಂಡ, ಮೇಲಿರೋ ಕಣ್ಣುಗಳು ಮೊಗ್ಗು. ಅಪ್ಪಂಗೆ ಇದನ್ನ ಹೇಳಿದ್ರೆ "ಬೇರೆ ಅಲ್ಲ ಅಂದ್ರೆ ಇದೇನಾ?" ಅಂತ ಬಟ್ಟಲು ನೋಡಿದ್ರು. ಹಲ್ಲಿಲ್ಲದಿದ್ರೂ ಮಾತಿಗೇನು ಕಮ್ಮಿ ಇರ್ಲಿಲ್ಲ.

ಆಲೂಗಡ್ಡೆ ಒಂದು ಹದಕ್ಕೆ ಬಂತು ಅನ್ನೋಷ್ಟರಲ್ಲಿ ಅವರಿಗೆ ಬೇಜಾರಾಗಿತ್ತು. ದಿನಾ ಬೆಳ್ಳಗಿರೋದನ್ನ ನೋಡಿ ನೋಡಿ ಸಾಕಾಯ್ತು, ಬಣ್ಣದ್ದೇನಾದ್ರೂ ಮಾಡು ಅಂದ್ರು. ಸರಿ, ಕ್ಯಾರೆಟ್. ಆಲೂಗಡ್ಡೆಗೆ ಕಲಿತಿದ್ದನ್ನೇ ಕ್ಯಾರೆಟ್ಟಿಗೂ ಮಾಡೋಕೆ ಹೋದ್ರೆ ಎಲ್ಲ ಉಲ್ಟಾ. ಎಷ್ಟು ಮಸೆದ್ರೂ ನಾರು ನಾರು, ಒಂದಾಗೋದೇ ಇಲ್ಲ, ಯಾಕಂದ್ರೆ ಇದರಲ್ಲಿ ಪಿಷ್ಟ ಲೆಕ್ಕಕ್ಕೇ ಇಲ್ಲ, ಹಿಡಿದಿಡೋಕೆ ಏನೂ ಇಲ್ಲ. ಹಾಗಾಗಿ ಮಿಕ್ಸಿಗೆ ಹಾಕೋಕೆ ಇಲ್ಲಿ ಹೆದರಿಕೆಯೂ ಇಲ್ಲ! ಆಲೂಗಡ್ಡೆಗೆ ವಿಷವಾಗಿದ್ದ ಮಿಕ್ಸಿ ಕ್ಯಾರೆಟ್ಟಿಗೆ ಅಮೃತ, ಎಷ್ಟು ತಿರುಗಿಸಿದ್ರೆ ಅಷ್ಟು ರೇಷ್ಮೆ. ತೆಳ್ಳಗಾಗೋದೇ ತೊಂದ್ರೆ. ಅದಕ್ಕೆ ಕ್ಯಾರೆಟ್ಟನ್ನ ನಾನು ನೀರಲ್ಲಿ ಮುಳುಗಿಸಿ ಬೇಯಿಸೋದೇ ಬಿಟ್ಟಿದ್ದೀನಿ, ತೆಳುವಾಗಿ ಬಿಲ್ಲೆ ಬಿಲ್ಲೆ ಹೆಚ್ಚಿ, ಒಂದು ಚಮಚ ಬೆಣ್ಣೆ, ಉಪ್ಪು, ತಳ ಮುಚ್ಚೋಷ್ಟು ಮಾತ್ರ ನೀರು, ಮುಚ್ಚಳ ಹಾಕಿ ಸಣ್ಣ ಉರಿ. ಬೇಯೋಷ್ಟರಲ್ಲಿ ನೀರೂ ಇಂಗಿರತ್ತೆ, ಕ್ಯಾರೆಟ್ಟಿನ ಸಿಹಿ ಎಲ್ಲೂ ಹೋಗಿರಲ್ಲ. ದಪ್ಪ ಬೇಕು ಅಂದ್ರೆ ಎರಡು ಪಾಲು ಕ್ಯಾರೆಟ್ಟಿಗೆ ಒಂದು ಪಾಲು ಆಲೂಗಡ್ಡೆ ಬೇರೆಯಾಗಿ ಬೇಯಿಸಿ ಕೈಯಲ್ಲಿ ಮಸೆದು ಆಮೇಲೆ ಸೇರಿಸೋದು. ಎರಡನ್ನೂ ಒಂದೇ ಪಾತ್ರೇಲಿ ಹಾಕಿದ್ರೆ ಕ್ಯಾರೆಟ್ ಬೇಯೋಷ್ಟರಲ್ಲಿ ಆಲೂಗಡ್ಡೆ ನೀರಲ್ಲಿ ಕರಗಿ ಮಾಯ.

ಒಂದಿನ ರುಚಿ ಬರ್ಲಿ ಅಂತ ಬೇಯೋ ಕ್ಯಾರೆಟ್ಟಿಗೆ ಮೊದಲೇ ನಿಂಬೆಹಣ್ಣು ಹಿಂಡಿದ್ದೆ. ನಲವತ್ತು ನಿಮಿಷ ಆದ್ರೂ ಬೇಯಲೊಲ್ಲದು. ಗ್ಯಾಸ್ ಸರಿ ಇಲ್ವೇನೋ, ಕ್ಯಾರೆಟ್ ಬಲಿತಿದೆಯೇನೋ ಅಂತೆಲ್ಲ ಬೈಕೊಂಡೆ. ತಪ್ಪು ನಿಂಬೆಹಣ್ಣಿಂದು, ಅಂದ್ರೆ ನಂದು. ಹುಳಿ ಇದ್ರೆ ಆ ಗಾರೆ, ಪೆಕ್ಟಿನ್, ಬೇಗ ಕರಗಲ್ಲ. ಗಡಸು ನೀರಿಂದೂ ಅದೇ ಕಥೆ, ಅದರಲ್ಲಿರೋ ಕ್ಯಾಲ್ಸಿಯಂ ಪೆಕ್ಟಿನ್ನನ್ನ ಇನ್ನೂ ಗಟ್ಟಿ ಮಾಡತ್ತೆ. ಹುಳಿ ಏನಿದ್ರೂ ಒಲೆಯಿಂದ ಇಳಿಸಿದ ಮೇಲೆ.

ಇದೇ ಪೆಕ್ಟಿನ್ ಗಟ್ಟಿಯಾಗೋದನ್ನ ಬೇಕಂತಲೇ ಉಪಯೋಗಿಸೋ ಉಪಾಯಾನೂ ಒಂದಿದೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ಲ್ಯಾಬಲ್ಲಿ, ಬಿಸಿನೀರು ಹುಯ್ದ್ರೆ ಮ್ಯಾಶ್ ಆಗೋ ಒಣ ಫ್ಲೇಕ್ಸ್ ಮಾಡೋಕೆ ತಲೆ ಕೆಡಿಸ್ಕೊಂಡಾಗ, ಅವರಿಗೂ ಬಂದ ತೊಂದ್ರೆ ಇದೇ ಗೋಂದು. ಅವರು ಕಂಡುಕೊಂಡ ದಾರಿ, ಮೊದಲು 70 ಡಿಗ್ರಿ ಆಸುಪಾಸಿನ ನೀರಲ್ಲಿ ಹೋಳುಗಳನ್ನ ಬಿಸಿ ಮಾಡಿ, ತಣ್ಣೀರಲ್ಲಿ ಪೂರ್ತಿ ಆರಿಸಿ, ಆಮೇಲೆ ಮತ್ತೆ ಬೇಯಿಸೋದು. ಬಿಸಿಯಾದಾಗ ಊದಿದ ಪಿಷ್ಟ ಆರಿದಾಗ ಬಿಗಿಯಾಗಿ ಕೂರತ್ತೆ, ಕೋಶದ ಗೋಡೆಯೂ ಗಟ್ಟಿಯಾಗತ್ತೆ, ಎರಡನೇ ಸಲ ಬೇಯಿಸಿ ಮಸೆದಾಗ ಮೊದಲಿನಷ್ಟು ಅಂಟಲ್ಲ. ಮನೇಲೂ ಮಾಡ್ಬಹುದು, ಥರ್ಮಾಮೀಟರ್ ಹಿಡ್ಕೊಂಡು ಅರ್ಧ ಗಂಟೆ ಒಲೆ ಮುಂದೆ ನಿಂತಿದ್ದೆ. ನಿಜವಾಗ್ಲೂ ವ್ಯತ್ಯಾಸ ಗೊತ್ತಾಗತ್ತೆ. ಆದ್ರೆ ದಿನಾ ಮಾಡೋ ಕೆಲಸ ಅಲ್ಲ, ಇಬ್ಬರ ಊಟಕ್ಕೆ ಅಷ್ಟೆಲ್ಲ ಬೇಕಾಗಿಲ್ಲ.

ಸಿಹಿಗೆಣಸು ಮಾತ್ರ ನನ್ನ ಪ್ರೀತಿಯದ್ದು, ಕಾರಣ ಅದು ನನ್ನಿಂದ ಏನೂ ಕೇಳಲ್ಲ. ಬರೀ ಸಮಯ ಕೇಳತ್ತೆ. ಅದರೊಳಗೆ ಒಂದು ಎನ್‌ಜೈಮ್ ಇದೆ, ಬೇಯೋವಾಗ ಸುಮಾರು 60ರಿಂದ 75 ಡಿಗ್ರಿ ನಡುವೆ ಚುರುಕಾಗಿ ಪಿಷ್ಟವನ್ನ ಮಾಲ್ಟೋಸ್ ಅನ್ನೋ ಸಕ್ಕರೆಯಾಗಿ ಒಡೆಯತ್ತೆ, ಅದಕ್ಕಿಂತ ಬಿಸಿ ಏರಿದ್ರೆ ಅದರ ಕೆಲಸ ಮುಗೀತು. ಮೈಕ್ರೋವೇವಲ್ಲಿ ಐದು ನಿಮಿಷಕ್ಕೆ ಬೇಯಿಸಿದ್ರೆ ಆ ಹಂತವನ್ನ ಹಾರಿ ದಾಟಿಬಿಡತ್ತೆ, ಗೆಣಸು ಸಪ್ಪೆ. ಓವನ್‌ನಲ್ಲಿ ಸಿಪ್ಪೆ ಸಮೇತ ಇಟ್ಟು ಒಂದೂಕಾಲು ಗಂಟೆ ಮರೆತುಬಿಟ್ರೆ ಕೊನೆಗೆ ಸಿಪ್ಪೆ ಬಿರಿದು ಅಂಟಂಟಾದ ಕಂದು ರಸ ಹೊರಗೆ ಬಂದು ಟ್ರೇ ಮೇಲೆ ಕಪ್ಪಗೆ ಹೆಪ್ಪುಗಟ್ಟಿರತ್ತೆ, ಆ ಚೂರನ್ನ ಟ್ರೇಯಿಂದ ಕೆರೆದು ತಿನ್ನೋದು ಅಡುಗೆ ಮಾಡಿದೋರ ಹಕ್ಕು. ಒಳಗಿನ ತಿರುಳು ಚಮಚಕ್ಕೇ ಮಸೆಯತ್ತೆ. ಇದಕ್ಕೆ ಸಕ್ಕರೆ, ಜೇನುತುಪ್ಪ ಹಾಕೋರನ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ, ಉಪ್ಪು, ಕಾಳುಮೆಣಸು, ಕೊನೇಲಿ ಒಂಚೂರು ನಿಂಬೆರಸ, ಸಾಕು.

ಟರ್ನಿಪ್ಪು ಒಂದೇ ಸಲ. ಮುಚ್ಚಳ ಮುಚ್ಚಿ ಬೇಯಿಸಿ ಮನೆಯೆಲ್ಲ ಗಂಧಕದ ವಾಸನೆ ಮಾಡ್ದೆ, ಕಹಿ ಬೇರೆ. ತೆರೆದ ಪಾತ್ರೇಲಿ ಜಾಸ್ತಿ ನೀರಲ್ಲಿ ಬೇಯಿಸಿ ಆ ನೀರು ಚೆಲ್ಬೇಕಂತೆ, ಆಲೂಗಡ್ಡೆ ಜೊತೆ ಸೇರಿಸಿದ್ರೆ ನಡೆಯತ್ತಂತೆ, ಇಬ್ಬರಿಗೂ ಎರಡನೇ ಸಲ ಧೈರ್ಯ ಬರ್ಲಿಲ್ಲ. ಕೆಸುವಿನ ಗೆಡ್ಡೆ ಚೆನ್ನಾಗೇ ಆಗತ್ತೆ, ಆದ್ರೆ ಅರೆಬೆಂದಿದ್ರೆ ಗಂಟಲು ಕೆರೆಯತ್ತೆ, ಅದರಲ್ಲಿರೋ ಆಕ್ಸಲೇಟು ಸೂಜಿ ಥರದ ಹರಳುಗಳಾಗಿರತ್ತೆ, ಪೂರ್ತಿ ಬೇಯಿಸದೆ ಬಾಯಿಗಿಡ್ಬಾರ್ದು. ಮರಗೆಣಸಿನಲ್ಲಂತೂ ಹಸಿಯಾಗಿದ್ದಾಗ ಸಯನೈಡ್ ಬಿಡೋ ಅಂಶಗಳೇ ಇರ್ತವೆ, ಸಿಪ್ಪೆ ಪೂರ್ತಿ ತೆಗೆದು, ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರು ಚೆಲ್ಲದೆ ಮಸೆಯೋ ಮಾತೇ ಇಲ್ಲ. ಹಸಿರು ತಿರುಗಿದ ಆಲೂಗಡ್ಡೆಯನ್ನೂ ನಾನು ಕೆತ್ತಿ ಉಳಿಸೋಕೆ ಹೋಗಲ್ಲ, ಜಾಸ್ತಿ ಹಸಿರಾಗಿದ್ರೆ ಸೀದಾ ಕಸದ ಬುಟ್ಟಿಗೆ.

ಬೀಟ್‌ರೂಟ್ ಕಥೆ ಹೇಳದೆ ಮುಗಿಸೋಕಾಗಲ್ಲ. ಬೀಟ್‌ರೂಟನ್ನ ಹೆಚ್ಚಿ ಬೇಯಿಸಿದ್ರೆ ಬಣ್ಣವೆಲ್ಲ ನೀರಿಗೆ ಹೋಗತ್ತೆ, ಅದಕ್ಕೆ ಸಿಪ್ಪೆ ತೆಗೀದೆ, ಮೇಲಿನ ದಂಟು ಎರಡು ಬೆರಳಷ್ಟು ಉಳಿಸಿ, ಕೆಳಗಿನ ಬಾಲವನ್ನೂ ಕತ್ತರಿಸದೆ ಇಡಿಯಾಗಿ ಬೇಯಿಸ್ಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಬೆಂದ ಮೇಲೆ ಸಿಪ್ಪೆ ಹೆಬ್ಬೆರಳಿಗೇ ಜಾರಿ ಬರತ್ತೆ. ಪಿಷ್ಟ ಇಲ್ಲ, ಮಿಕ್ಸಿಗೆ ಧಾರಾಳವಾಗಿ ಹಾಕ್ಬಹುದು. ಅದರ ಮಣ್ಣು ವಾಸನೆ ಜಿಯೋಸ್ಮಿನ್ ಅನ್ನೋ ವಸ್ತುವಿಂದು, ಮಳೆ ಬಿದ್ದ ಮಣ್ಣಲ್ಲಿ ಬರೋದೂ ಅದೇ, ಸ್ವಲ್ಪ ಹುಳಿ ಬಿದ್ರೆ ಮೆತ್ತಗಾಗತ್ತೆ, ಬಣ್ಣವೂ ಚೆನ್ನಾಗಿ ನಿಲ್ಲತ್ತೆ. ನಾನು ಗಟ್ಟಿ ಮೊಸರು, ಉಪ್ಪು, ಕಾಳುಮೆಣಸು ಸೇರಿಸಿ ಕೊಟ್ಟೆ. ಅಪ್ಪ ಬಟ್ಟಲು ಕೆರೆದು ತಿಂದ್ರು, ಎರಡನೇ ಸಲ ಹಾಕಿಸ್ಕೊಂಡ್ರು. ಹಲ್ಲು ಕೀಳಿಸಿದ ಮೇಲೆ ಅವರು ಎರಡನೇ ಸಲ ಹಾಕಿಸ್ಕೊಂಡಿದ್ದು ಅದೇ ಮೊದಲು, ನಂಗೆ ಆ ಖುಷಿಗೆ ರಾತ್ರಿ ನಿದ್ದೆ ಬಂದಿದ್ದು ತಡವಾಗಿ.

ಬೆಳಗ್ಗೆ ಐದೂವರೆಗೆ ಬಾಗಿಲು ಬಡಿದ್ರು. "ಏಳೋ, ಬೇಗ ಏಳು, ಆಸ್ಪತ್ರೆಗೆ ಹೋಗ್ಬೇಕು." ಮುಖ ಬಿಳಿಚಿಕೊಂಡಿತ್ತು. ಏನಾಯ್ತು ಅಂದ್ರೆ ಹೇಳ್ತಾನೂ ಇಲ್ಲ, ಬಾತ್‌ರೂಮ್ ಕಡೆ ಕೈ ತೋರಿಸ್ತಾರೆ. ಆಮೇಲೆ ಮೆಲ್ಲಗೆ, "ರಕ್ತ ಹೋಗ್ತಿದೆ ಕಣೋ." ನಂಗೂ ಎದೆ ಧಸಕ್ ಅಂತು, ಚಪ್ಪಲಿ ಹಾಕ್ಕೊಂಡು ಬೀಗದ ಕೈ ಹುಡುಕ್ತಾ ಅಡುಗೆಮನೆಗೆ ಹೋದೆ, ಸಿಂಕಲ್ಲಿ ರಾತ್ರಿಯ ಬಟ್ಟಲು ಇತ್ತು, ಅದರಲ್ಲಿ ನೆನೆಹಾಕಿದ್ದ ನೀರು ಗುಲಾಬಿ ಬಣ್ಣ. ಅಲ್ಲೇ ನಿಂತ್ಕೊಂಡೆ. ಬೀಟ್‌ರೂಟ್ ತಿಂದ್ರೆ ಕೆಲವರಿಗೆ ಹೀಗಾಗತ್ತೆ, ಬಣ್ಣ ಜೀರ್ಣವಾಗದೆ ಹಾಗೇ ಹೊರಗೆ ಬರತ್ತೆ, ತೊಂದ್ರೆ ಏನೂ ಇಲ್ಲ. ಆದ್ರೂ ಡಾಕ್ಟ್ರಿಗೆ ಫೋನ್ ಮಾಡಿ ಕೇಳಿ, ಮಧ್ಯಾಹ್ನದ ಹೊತ್ತಿಗೆ ಬಣ್ಣ ಹೋಗಿದ್ದನ್ನ ಖಾತ್ರಿ ಮಾಡ್ಕೊಂಡ ಮೇಲೇ ನಾವಿಬ್ರೂ ನಕ್ಕಿದ್ದು. ಅದಾದ ಮೇಲೆ ಬೀಟ್‌ರೂಟ್ ಮಾಡಿದಾಗೆಲ್ಲ ಬಟ್ಟಲು ಕೈಗೆ ಕೊಡ್ತಾ "ನಾಳೆ ಬೆಳಗ್ಗೆ ಬಾಗಿಲು ಬಡಿಯೋ ಹಾಗಿಲ್ಲ" ಅಂತ ಹೇಳಿಯೇ ಕೊಡೋದು.

ಸೆಟ್ ಬಂತು. ಮೊದಲ ದಿನ ಅಪ್ಪ ಕನ್ನಡಿ ಮುಂದೆ ಸುಮಾರು ಹೊತ್ತು ನಿಂತಿದ್ರು. ಮೊದಮೊದಲು ಅದೂ ಒತ್ತತ್ತೆ, ಗಟ್ಟಿ ಪದಾರ್ಥ ನಿಧಾನಕ್ಕೆ ಶುರು ಮಾಡಿ ಅಂದಿದ್ರು ಡಾಕ್ಟ್ರು, ಹಾಗಾಗಿ ಬಟ್ಟಲು ಇನ್ನೂ ಕೆಲವು ದಿನ ಮುಂದುವರೀತು. ಅವತ್ತು ರಾತ್ರಿ ನಾನು ಜರಡಿ ತೆಗೀತಿದ್ದೆ, ಅಪ್ಪ ಬಂದು ಪಕ್ಕ ನಿಂತು, "ಜರಡಿ ಬೇಡ. ಒಂದಿಷ್ಟು ಗಂಟು ಇರ್ಲಿ" ಅಂದ್ರು. ಆಮೇಲೆ ನನ್ನ ಕೈಯಿಂದ ಮ್ಯಾಶರ್ ತಗೊಂಡು ತಾವೇ ಮಸೆಯೋಕೆ ಶುರು ಮಾಡಿದ್ರು, ನಾಲ್ಕು ಸಲ ಒತ್ತಿದ್ರು, ನಿಲ್ಲಿಸಿ ನೋಡಿದ್ರು, ಇನ್ನೊಂದು ಸಲ ಒತ್ತಿದ್ರು. ಅರ್ಧಕ್ಕರ್ಧ ಹೋಳು ಹಾಗೇ ಇತ್ತು. ಬೆಣ್ಣೆ ಹಾಕು ಅಂದ್ರು, ಹಾಕ್ದೆ.